ಉಳಿಸು, ಅಳಿಸು

"ನಾವು ಪರೀಕ್ಷೆ ಮಾಡುವುದು ಫೋನನ್ನು, ನಿಮ್ಮನ್ನಲ್ಲ. ನಿಮ್ಮಿಂದ ತಪ್ಪಾಗುವ ಪ್ರಶ್ನೆಯೇ ಇಲ್ಲ."

ಈ ಮಾತನ್ನು ಶಿಫಾನಾ ಮೊದಮೊದಲು ಎದುರಿಗೆ ಕುಳಿತವರ ಮುಖ ನೋಡಿ, ನಕ್ಕು ಹೇಳುತ್ತಿದ್ದಳು. ಮಾರ್ಚ್ ಮುಗಿಯುವ ಹೊತ್ತಿಗೆ ಮಗ್ಗಿ ಒಪ್ಪಿಸಿದ ಹಾಗೆ ಹೇಳತೊಡಗಿದ್ದಳು. ಹೇಗೆ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಫೋನು ಕೈಗೆ ಬಂದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಿದ್ದರು. ಗುಂಡಿ ತಪ್ಪಿದರೆ "ನನಗೆ ತಲೆ ಇಲ್ಲ ಟೀಚರೇ" ಎನ್ನುತ್ತಿದ್ದರು. ತಾನು ಟೀಚರಲ್ಲ ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅದು 2007. ದೊಡ್ಡ ಕಂಪೆನಿಯೊಂದು ಪೂರ್ತಿ ಕನ್ನಡದಲ್ಲೇ ನಡೆಯುವ ಅಗ್ಗದ ಮೊಬೈಲ್ ಫೋನೊಂದನ್ನು ಮಾರುಕಟ್ಟೆಗೆ ತರುವುದರಲ್ಲಿತ್ತು. ಅದಕ್ಕೂ ಮೊದಲು ಇಂಗ್ಲಿಷ್ ಬಾರದ, ಕನ್ನಡ ಓದಬಲ್ಲ, ನಡುವಯಸ್ಸು ದಾಟಿದ ಜನ ಅದನ್ನು ಹೇಗೆ ಬಳಸುತ್ತಾರೆಂದು ನೋಡಬೇಕಿತ್ತು. ಮಂಗಳೂರಿನ ಸಣ್ಣ ಸಂಸ್ಥೆಯೊಂದು ಆ ಕೆಲಸ ವಹಿಸಿಕೊಂಡು ಶಿಫಾನಾಳನ್ನು ಕಳಿಸಿತ್ತು. ಪಾಣೆಮಂಗಳೂರಿನವಳು, ಮನಃಶಾಸ್ತ್ರ ಓದಿದವಳು, ಮನೆಮಾತಾದ ಬ್ಯಾರಿಯಲ್ಲದೆ ತುಳುವೂ ಕನ್ನಡವೂ ನೀರು ಕುಡಿದಷ್ಟು ಸಲೀಸು. ಜೊತೆಗೆ ಕ್ಯಾಮೆರಾ ಹಿಡಿಯಲು ಮೂಡಬಿದ್ರೆಯ ರಂಜಿತ್ ಇದ್ದ. ಉಳಿದ ದಿನಗಳಲ್ಲಿ ಅವನು ಮದುವೆಗಳ ವಿಡಿಯೊ ತೆಗೆಯುತ್ತಿದ್ದ.

ಕೆಲಸ ಕೇಳಲು ಸುಲಭ. ಮನೆಗೆ ಹೋಗುವುದು, ಫೋನು ಕೊಡುವುದು, "ಈ ಹೆಸರಿಗೆ ಒಂದು ಮೆಸೇಜು ಕಳಿಸಿ" ಎನ್ನುವುದು, ನೋಡುತ್ತಾ ಕೂರುವುದು. ಸಹಾಯ ಮಾತ್ರ ಮಾಡಬಾರದು. ಅವರು "ಈಗ ಎಂತ ಒತ್ತುವುದು?" ಎಂದರೆ, "ನಿಮಗೆ ಎಂತ ಒತ್ತಬೇಕು ಅಂತ ಅನ್ನಿಸ್ತದೆ?" ಎಂದು ಕೇಳಬೇಕು. ಅವರು ಬೆವರುವುದನ್ನು, ಮಕ್ಕಳು ಸುತ್ತ ನಿಂತು ನಗುವುದನ್ನು, ಕೊನೆಗೆ ಸೋತು ಫೋನನ್ನು ಮೆಲ್ಲಗೆ ಕೆಳಗಿಡುವುದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರಬೇಕು. ದಿನಕ್ಕೆ ಮೂರು ನಾಲ್ಕು ಮನೆ. ಮನೆಯಿಂದ ಮನೆಗೆ ಬಸ್ಸು, ಬಸ್ಸಿಳಿದ ಮೇಲೆ ಬಿಸಿಲಿನ ನಡಿಗೆ. ಸಂಜೆ ಮನೆ ಸೇರಿದ ಮೇಲೆ ಶಿಫಾನಾಳಿಗೆ ಸ್ವಂತ ತಾಯಿಯ ಜೊತೆ ಮಾತಾಡಲೂ ಬೇಸರವಾಗುತ್ತಿತ್ತು. ಇಡೀ ದಿನ ಸುಮ್ಮನೆ ಕೂರುವ ಕೆಲಸಕ್ಕೆ ಇಷ್ಟು ಸುಸ್ತು ಯಾಕೆ ಎಂದು ತಾಯಿ ನಬೀಸಾ ಕೇಳುತ್ತಿದ್ದರು.

ಫೋನಿನಲ್ಲಿ ಒಂದು ದೋಷವಿರುವುದು ಮೂಡಬಿದ್ರೆಯ ಮನೆಗಳಲ್ಲೇ ಕಾಣಿಸಿತ್ತು. ಮೆಸೇಜು ಬರೆಯುತ್ತಾ ಅರ್ಧದಲ್ಲಿ ಹಿಂದಕ್ಕೆ ಹೋದರೆ ಪರದೆಯಲ್ಲಿ ಎರಡು ಪದ ಬರುತ್ತಿದ್ದವು. ಮೇಲೆ 'ಉಳಿಸು', ಕೆಳಗೆ 'ಅಳಿಸು'. ಬೆಂಕಿಪೊಟ್ಟಣದಷ್ಟು ಪರದೆ, ಚುಕ್ಕಿ ಚುಕ್ಕಿಯ ಒರಟು ಅಕ್ಷರ. ನಲವತ್ತು ದಾಟಿದ ಕಣ್ಣಿಗೆ ಉ ಯಾವುದು, ಅ ಯಾವುದು ಎಂದು ತಿಳಿಯುತ್ತಿರಲಿಲ್ಲ. ಹೊಲಿಗೆ ಕಲಿಸುವ ರುಕಿಯಾ ಎಂಬ ಹೆಂಗಸು ಕನ್ನಡಕ ಏರಿಸಿ ಇಳಿಸಿ, ಕೊನೆಗೆ ಓದಿ, "ಅಳಿಸು ಅಂದ್ರೆ? ಯಾರನ್ನು ಅಳಿಸುವುದು ಮಾರಾಯ್ತಿ?" ಎಂದು ಕೇಳಿದ್ದರು. ರಂಜಿತನ ನಗುವಿಗೆ ಕ್ಯಾಮೆರಾವೇ ಅಲ್ಲಾಡಿತ್ತು. ಆಮೇಲೆ ರುಕಿಯಾ ಕೆಳಗಿನದ್ದನ್ನೇ ಒತ್ತಿದರು. ಬರೆದದ್ದೆಲ್ಲ ಹೋಯಿತು. "ಛೆ, ನನ್ನದೇ ತಪ್ಪು" ಎಂದರು.

ಶಿಫಾನಾ ಬೆಂಗಳೂರಿನ ನಿಖಿತಾ ಮೇಡಂಗೆ ಫೋನು ಮಾಡಿದಳು. ಕಂಪೆನಿಯ ಕಡೆಯಿಂದ ಈ ಪರೀಕ್ಷೆಗಳನ್ನು ನೋಡಿಕೊಳ್ಳುತ್ತಿದ್ದವಳು ಅವಳೇ.

"ಗೊತ್ತು ಕಣೆ, ನಿನ್ನ ರಿಪೋರ್ಟ್ ಓದಿದೀನಿ," ಎಂದಳು ನಿಖಿತಾ. ಅವಳ ದನಿಯೂ ಬಳಲಿತ್ತು. "ಆದ್ರೆ ಇಲ್ಲಿ ಯಾರೂ ಒಪ್ತಿಲ್ಲ. ಎರಡೂ ಸರಿಯಾದ ಕನ್ನಡ ಪದ ತಾನೇ ಅಂತಾರೆ. ಬರೆದು ಕೊಟ್ರೆ ಓದಲ್ಲ. ಒಂದು ವಿಡಿಯೊ ತುಣುಕು ಕೊಡು. ನೋಡಿದವರಿಗೆ ಅಯ್ಯೋ ಅನ್ನಿಸ್ಬೇಕು. ಹಾಗಿದ್ರೆ ಮಾತ್ರ ನಾನು ಮೀಟಿಂಗಲ್ಲಿ ಬದಲಾಯಿಸಿ ಅನ್ನಬಹುದು."

"ಅಯ್ಯೋ ಅನ್ನಿಸುವ ಹಾಗೆ ಅಂದ್ರೆ ಹೇಗೆ ಮೇಡಂ?"

"ಯಾರಾದ್ರೂ ನಿಜವಾಗ್ಲೂ ಏನಾದ್ರೂ ಕಳ್ಕೊಳ್ಳೋದು. ಸುಮ್ನೆ 'ನಾಳೆ ಬರುತ್ತೇನೆ' ಅಲ್ಲ."

ಅಂಥವರನ್ನು ಎಲ್ಲಿಂದ ತರುವುದು ಎಂದು ಶಿಫಾನಾ ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಂದಿತ್ತು.

ಬೆಳ್ತಂಗಡಿ ಕಡೆಯ ಮನೆಗಳನ್ನು ಗೊತ್ತು ಮಾಡಿಕೊಡುತ್ತಿದ್ದವನು ಕಮಲಾಕ್ಷ. ಪೇಟೆಯಲ್ಲಿ ಅವನದ್ದೊಂದು ರೀಚಾರ್ಜ್ ಅಂಗಡಿಯಿತ್ತು. ವೇಣೂರಿನಲ್ಲಿ ಒಬ್ಬರಿದ್ದಾರೆ, ಮೊದಲು ಬಸ್ಸಿನ ಡ್ರೈವರ್, ಈಗ ಮನೆಯಲ್ಲೇ ಇದ್ದಾರೆ, ಕನ್ನಡ ಚೆನ್ನಾಗಿ ಓದುತ್ತಾರೆ, ಹೆಸರು ಶೀನಪ್ಪ ಎಂದು ಅವನು ಹೇಳಿದ್ದ.

ಶಿಫಾನಾ, ರಂಜಿತ್ ಅಲ್ಲಿಗೆ ಮುಟ್ಟುವಾಗ ಹೊತ್ತು ನೆತ್ತಿಗೇರಿತ್ತು. ರಸ್ತೆಗೆ ಹೊಂದಿಕೊಂಡೇ ಇದ್ದ ಹಂಚಿನ ಮನೆ. ಜಗಲಿಯಲ್ಲಿ ಕಾಂತಿ, ಶೀನಪ್ಪನವರ ಹೆಂಡತಿ, ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಶೀನಪ್ಪ ಕುಳಿತಿದ್ದರು. ಅಗಲ ಭುಜದ ಆಳು, ಕೊರಳಿಗೆ ತೆಳು ಬಿಳಿ ಬಟ್ಟೆಯೊಂದನ್ನು ಸಡಿಲವಾಗಿ ಕಟ್ಟಿಕೊಂಡಿದ್ದರು. ಉಸಿರಾಡುವಾಗ ಆ ಬಟ್ಟೆ ಸಣ್ಣಗೆ ಅಲುಗುತ್ತಿತ್ತು.

ರಂಜಿತ್ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಹೊಂದಿಸಿದ. ಶಿಫಾನಾ ತನ್ನ ಮಾತುಗಳನ್ನು ಒಪ್ಪಿಸಿದಳು. ಆಮೇಲೆ, "ಫೋನು ನೋಡುವಾಗ ನಿಮ್ಮ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿ ಬಿಟ್ಟು ಹೇಳ್ತಾ ಇರಿ ಅಣ್ಣ. ಎಂತ ನೋಡ್ತಾ ಇದ್ದೀರಿ, ಯಾಕೆ ಒತ್ತಿದಿರಿ, ಎಲ್ಲ ಹೇಳ್ಬೇಕು" ಎಂದಳು.

ಶೀನಪ್ಪ ಅವಳನ್ನೇ ನೋಡಿದರು. ಕಾಂತಿ ಬೀಡಿ ಕಟ್ಟುವುದನ್ನು ನಿಲ್ಲಿಸಿದರು.

"ಅವರಿಗೆ ಸ್ವರ ಇಲ್ಲ ಅಲ್ವಾ ಟೀಚರೇ. ಗಂಟಲಿನ ಆಪರೇಷನ್ ಆಗಿ ಎರಡು ವರ್ಷ ಆಯ್ತು. ಕಮಲಾಕ್ಷಣ್ಣ ಹೇಳ್ಲಿಲ್ವಾ?"

ಶಿಫಾನಾ ಅಂಗಳಕ್ಕಿಳಿದು ಕಮಲಾಕ್ಷನಿಗೆ ಫೋನು ಮಾಡಿದಳು.

"ಕನ್ನಡ ಓದ್ಲಿಕ್ಕೆ ಬರ್ತದಾ ಅಂತ ನೀವು ಕೇಳಿದ್ದು. ಬರ್ತದೆ," ಎಂದ ಅವನು. "ಮಾತಾಡ್ಲಿಕ್ಕೆ ಬರ್ತದಾ ಅಂತ ನೀವು ಕೇಳಿದ್ದೇ ಇಲ್ಲ."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಬೇಕಾದ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ನಿಯಮದಂತೆ ಇಲ್ಲಿಗೇ ನಿಲ್ಲಿಸಿ, ಕ್ಷಮೆ ಕೇಳಿ, ಸ್ಟೀಲಿನ ಡಬ್ಬಿಯ ಉಡುಗೊರೆ ಕೊಟ್ಟು ಹೊರಡಬೇಕಿತ್ತು. ಆದರೆ ಮುಂದಿನ ಬಸ್ಸಿಗೆ ಹೊತ್ತಿತ್ತು, ಹೊರಗೆ ಬಿಸಿಲಿತ್ತು. ಜಗಲಿಗೆ ಹಿಂತಿರುಗಿದಾಗ ಶೀನಪ್ಪ ಆಗಲೇ ಫೋನನ್ನು ಕೈಗೆತ್ತಿಕೊಂಡಿದ್ದರು. ಪಕ್ಕದಲ್ಲಿ ಶಾಲೆಯ ಮಕ್ಕಳ ಸ್ಲೇಟು, ಬಳಪ. ಅದರ ಮೇಲೆ ಬರೆದಿಟ್ಟಿದ್ದರು: 'ಮಾಡುವ.'

"ಮಾಡುವ," ಎಂದಳು ಶಿಫಾನಾ, ಕೂರುತ್ತಾ.

ಗಂಡ ಹೇಳಬೇಕಾದ್ದನ್ನು ಹೆಂಡತಿ ಹೇಳತೊಡಗಿದರು. ಶೀನಪ್ಪ ಗುಂಡಿ ಒತ್ತಿ ಹುಬ್ಬು ಗಂಟಿಕ್ಕಿದರೆ, "ಅವರಿಗೆ ಕಣ್ಣು ಮಂಜು" ಎನ್ನುವರು. ತಲೆ ಅಲ್ಲಾಡಿಸಿದರೆ, "ಬೇಡ ಅಂತೆ. ಅವರಿಗೆ ಇದೆಲ್ಲ ಸೇರುವುದಿಲ್ಲ" ಎನ್ನುವರು. ಶೀನಪ್ಪ ಒಂದು ಸಲ ಬೆಂಚಿನ ಮೇಲೆ ಗೆಣ್ಣಿನಿಂದ ಕುಟ್ಟಿದರು. ಕಾಂತಿ ಸುಮ್ಮನಾದರು.

ಮೊದಲ ಕೆಲಸ ಬೇಗ ಮುಗಿಯಿತು. 'ನಾಳೆ ಬರುತ್ತೇನೆ' ಎಂದು ಬರೆಯುವುದು. ಒತ್ತಕ್ಷರ ಎಲ್ಲಿದೆಯೆಂದು ಎಲ್ಲರೂ ಹುಡುಕುತ್ತಿದ್ದರು. ಇವರೂ ಹುಡುಕಿದರು, ಸಿಕ್ಕಿದಾಗ ಶಬ್ದವಿಲ್ಲದೆ ನಕ್ಕರು. ಎರಡನೆಯದು, ತಮಗೆ ಬೇಕಾದವರಿಗೆ ಬೇಕಾದ್ದು ಬರೆಯುವುದು. ಎಲ್ಲರೂ ಇಲ್ಲಿ 'ಊಟ ಆಯಿತಾ' ಎಂದೋ 'ಹೇಗಿದ್ದೀರಿ' ಎಂದೋ ಬರೆದು ಮುಗಿಸುತ್ತಿದ್ದರು. ಶೀನಪ್ಪ ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದರು. ಆಮೇಲೆ ಬರೆಯತೊಡಗಿದರು.

ಅದು ಬಹಳ ಹೊತ್ತು ನಡೆಯಿತು. ಒಂದೊಂದು ಅಕ್ಷರಕ್ಕೂ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕು, ಒಂದು ಒತ್ತು ಹೆಚ್ಚಾದರೆ ಬೇರೆ ಅಕ್ಷರ ಬಂದು ಕೂರುತ್ತದೆ. ಸ್ಟೇರಿಂಗು ಹಿಡಿದು ಹೆಬ್ಬೆರಳು ದಪ್ಪವಾಗಿತ್ತು. ಪಕ್ಕದ ಗುಂಡಿಯೂ ಒಟ್ಟಿಗೆ ಒತ್ತಿಹೋಗುತ್ತಿತ್ತು. ಅಳಿಸಿ, ಬರೆದು, ಪುನಃ ಅಳಿಸಿ ಬರೆದರು. ಕಾಂತಿ ಎದ್ದು ಒಳಗೆ ಹೋಗಿ ಅಕ್ಕಿ ತೊಳೆದಿಟ್ಟು ಬಂದರು. ರಂಜಿತ್ ಟೇಪು ಬದಲಿಸಿದ. ಶಿಫಾನಾ ಕುಳಿತಲ್ಲಿಂದ ಪರದೆ ಓದುತ್ತಿದ್ದಳು. ನಿದ್ದೆಗೆ ಜಾರುತ್ತಿದ್ದ ಅವಳ ಕಣ್ಣು ನಡುವಿನಲ್ಲೆಲ್ಲೋ ತೆರೆದುಕೊಂಡಿತು.

'ಅಬ್ಬಾಸ್ ಫೋನ್ ಮಾಡು. ನೀನು ಮಾತಾಡು. ನಾನು ಕೇಳ್ತೇನೆ.'

ಶೀನಪ್ಪ ತಲೆಯೆತ್ತಿ ಒಳಗಿನ ಗೋಡೆಯ ಕಡೆ ನೋಡಿದರು. ಅಲ್ಲಿ ಮನೆಯ ಫೋನಿನ ಮೇಲ್ಗಡೆ ಪೆನ್ಸಿಲಿನಲ್ಲಿ ಕೆಲವು ನಂಬರುಗಳನ್ನು ಬರೆದಿತ್ತು. ಆ ನಂಬರನ್ನು ಇದರಲ್ಲಿ ಎಲ್ಲಿ ಒತ್ತುವುದೆಂದು ಅವರಿಗೆ ತಿಳಿಯಲಿಲ್ಲ. ಹುಡುಕುತ್ತಾ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು. ಪರದೆಯಲ್ಲಿ ಆ ಎರಡು ಪದ ಬಂದವು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಹೆಬ್ಬೆರಳು ಕೆಳಗಿಳಿಯಿತು.

ಬೇಡ ಎನ್ನುವ ಮಾತು ಶಿಫಾನಾಳ ಗಂಟಲಿನಲ್ಲಿತ್ತು. ಎಷ್ಟೋ ಮನೆಗಳಲ್ಲಿ ನುಂಗಿ ನುಂಗಿ ಅಭ್ಯಾಸವಾದ ಮಾತು. ಈಗಲೂ ಅದು ತನ್ನಷ್ಟಕ್ಕೆ ಒಳಗೆ ಹೋಯಿತು. ಅವರು ಒತ್ತಿದರು. ಪರದೆ ಖಾಲಿಯಾಯಿತು.

ಶೀನಪ್ಪ ಇನ್ನೊಂದು ಗುಂಡಿ ಒತ್ತಿ ನೋಡಿದರು, ಮತ್ತೊಂದನ್ನು ಒತ್ತಿ ನೋಡಿದರು. ಫೋನನ್ನು ಮಗುಚಿ ಹಿಂಬದಿ ನೋಡಿದರು, ಬಿದ್ದದ್ದು ಅಲ್ಲೆಲ್ಲೋ ಇರಬಹುದೆಂಬಂತೆ. ಬೆಂಚಿಗೆ ಎರಡು ಸಲ ಜೋರಾಗಿ ಕುಟ್ಟಿದರು. ಕೊರಳ ಬಟ್ಟೆ ಬೇಗ ಬೇಗ ಅಲುಗಿತು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದರು: 'ನನ್ನ ತಪ್ಪು.'

"ಇಲ್ಲ ಅಣ್ಣ, ಫೋನಿನದ್ದೇ ತಪ್ಪು," ಎಂದಳು ಶಿಫಾನಾ. ಆ ಮಾತು ಅವಳ ಕಿವಿಗೇ ಹಳಸಿದಂತೆ ಕೇಳಿತು. ಶೀನಪ್ಪ ಕೈಬೀಸಿ ಎದ್ದು ಹಿತ್ತಿಲ ಕಡೆ ಹೋದರು.

"ಎಂತ ಬರ್ದಿದ್ರು?" ಎಂದು ಕಾಂತಿ ಕೇಳಿದರು.

"ಹೋಯ್ತಲ್ಲ ಅಕ್ಕ," ಎಂದಷ್ಟೇ ಹೇಳಿ ಅವಳು ಚೀಲ ಹೆಗಲಿಗೇರಿಸಿದಳು.

ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುವಾಗ ರಂಜಿತ್, "ಮೇಡಂ ಕೇಳಿದ್ದು ಇದೇ ಅಲ್ವಾ? ಎಲ್ಲ ಬಂದಿದೆ ಮಾರಾಯ್ತಿ. ಮುಖ, ಕೈ, ಸ್ಲೇಟು ಎಲ್ಲ" ಎಂದ. ಅವನ ದನಿಯಲ್ಲಿ ಖುಷಿ ಇರಲಿಲ್ಲ. ಶಿಫಾನಾ ಹೌದೆಂದು ತಲೆಯಾಡಿಸಿದಳು.

ಮರುದಿನ ವಿಷಯ ಕೇಳಿದ ನಿಖಿತಾ, "ಇದೇ ಬೇಕಿತ್ತು! ಇವತ್ತೇ ಕಳಿಸು" ಎಂದಳು.

"ಅವರನ್ನು ಇನ್ನೊಮ್ಮೆ ಕೇಳ್ಬೇಕು ಮೇಡಂ."

"ಒಪ್ಪಿಗೆಗೆ ಸಹಿ ಹಾಕಿದಾರೆ ಅಲ್ವಾ?"

"ಹಾಕಿದ್ದಾರೆ. ಆಗ ಇನ್ನೂ ಏನೂ ಆಗಿರ್ಲಿಲ್ಲ."

"ಸರಿ. ಸೋಮವಾರ ಮೀಟಿಂಗ್ ಇದೆ. ಅದಕ್ಕೆ ಮೊದಲು ಕೊಟ್ಟರೆ ಸಾಕು," ಎಂದಳು.

ಆ ಭಾನುವಾರ ಶಿಫಾನಾಳಿಗೆ ರಜೆ. ಮಲಗಿಯೇ ಕಳೆಯಬೇಕೆಂದು ಅಂದುಕೊಂಡಿದ್ದ ದಿನ. ರಂಜಿತನ ಕ್ಯಾಮೆರಾ ಕೇಳಿ ತೆಗೆದುಕೊಂಡು, ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು ಹಾದುಹೋಗುವ ಬಸ್ಸು ಹಿಡಿದು, ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಒಬ್ಬಳೇ ವೇಣೂರಿಗೆ ಹೋದಳು. ಕ್ಯಾಮೆರಾದ ಪಕ್ಕಕ್ಕೆ ಬಿಚ್ಚಿಕೊಳ್ಳುವ ಪುಟ್ಟ ಪರದೆಯಲ್ಲಿ ಆ ತುಣುಕನ್ನು ಶೀನಪ್ಪನವರಿಗೆ ತೋರಿಸಿದಳು. ಕಾಂತಿ ಅವರ ಭುಜದ ಹಿಂದೆ ನಿಂತು ಬಗ್ಗಿ ನೋಡಿದರು. ಚಿತ್ರದಲ್ಲಿ ಹೆಬ್ಬೆರಳು ಮೆಲ್ಲಗೆ ಒತ್ತುತ್ತಾ ಹೋಯಿತು, ಅಕ್ಷರಗಳು ಒಂದೊಂದೇ ಬಂದವು. ಕಾಂತಿ ಶಾಲೆಯ ಮಕ್ಕಳಂತೆ ಅಕ್ಷರ ಕೂಡಿಸಿ ಓದಿದರು.

"ಅಬ್ಬಾಸ್... ಫೋನ್ ಮಾಡು. ನೀನು ಮಾತಾಡು. ನಾನು..."

ಮುಂದಿನದ್ದನ್ನು ಅವರು ಓದಲಿಲ್ಲ. ಒಳಗೆ ಹೋದರು. ಬಾವಿಯ ಹಗ್ಗದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ನೀರಿನ ಲೋಟ ತಂದು ಶಿಫಾನಾಳ ಕೈಗೆ ಕೊಟ್ಟು ಅಲ್ಲೇ ನೆಲದಲ್ಲಿ ಕುಳಿತರು.

"ಅಬ್ಬಾಸ್ ಇವರ ಕಂಡಕ್ಟರ್. ಪಾಣೆಮಂಗಳೂರಿನವರು. ಮೂಡಬಿದ್ರೆಯಿಂದ ಚಾರ್ಮಾಡಿವರೆಗೆ ಇಬ್ಬರದ್ದೂ ಒಂದೇ ಬಸ್ಸು. ಆಪರೇಷನ್ ಆದ ಮೇಲೆ ಅವರು ಫೋನ್ ಮಾಡ್ತಿದ್ರು ಮಗಾ. ನಾನು ತೆಗೀತಿದ್ದೆ. ಇವರಿಗೆ ಕೊಟ್ಟು ಎಂತ ಮಾಡುವುದು? ಫೋನ್ ಹಿಡ್ಕೊಂಡು ಇವರು ಸುಮ್ಮನೆ ಕೂರುವುದನ್ನು ನೋಡ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ. ಹುಷಾರಿದ್ದಾರೆ, ಮಲಗಿದ್ದಾರೆ ಅಂತ ಹೇಳಿ ಇಡ್ತಿದ್ದೆ. ಆಮೇಲೆ ಫೋನ್ ಬರುವುದೇ ನಿಂತಿತು."

ಅವರು ಗಂಡನ ಕಡೆ ತಿರುಗಿದರು. "ನಾನು ಹಾಗೆ ಹೇಳುವುದು ನಿಮಗೆ ಕೇಳ್ತಿತ್ತಲ್ವಾ? ಇಲ್ಲೇ ಕೂತಿರ್ತಿದ್ರಿ. ಒಂದು ಸಲ ಆ ಸ್ಲೇಟಿನಲ್ಲಿ ಬರೆಯಬಹುದಿತ್ತಲ್ಲ, ಫೋನ್ ಇಲ್ಲಿ ಕೊಡು ಅಂತ."

ಶೀನಪ್ಪ ಬಳಪ ಹಿಡಿದರು. ಬರೆದು, ಸ್ಲೇಟನ್ನು ಹೆಂಡತಿಯ ಕಡೆ ತಿರುಗಿಸಿದರು.

'ನೀನು ಅಳ್ತಿದ್ದಿ.'

ಶಿಫಾನಾ ಲೋಟದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿದಳು. ಬಂದ ಕೆಲಸದ ಮಾತೆತ್ತಲು ಈಗ ಮನಸ್ಸು ಬರಲಿಲ್ಲ, ಕೇಳದೆ ಹೋಗುವಂತೆಯೂ ಇರಲಿಲ್ಲ. ಕೊನೆಗೆ ಹೇಳಿದಳು. ಇದನ್ನು ಬೆಂಗಳೂರಿನಲ್ಲಿ ದೊಡ್ಡವರು ನೋಡುತ್ತಾರೆ, ನೋಡಿದರೆ ಆ ಪದವನ್ನು ಬದಲಿಸಬಹುದು, ಬದಲಿಸದೆಯೂ ಇರಬಹುದು, ಬೇಡವೆಂದರೆ ಈಗಲೇ ಟೇಪಿನಿಂದ ತೆಗೆದುಬಿಡುತ್ತೇನೆ.

ಶೀನಪ್ಪ ಯೋಚಿಸಿ ಬರೆದರು: 'ಕಳಿಸಿ. ಮುಖ ಬೇಡ.'

"ಆಯ್ತಣ್ಣ. ಕೈ ಮಾತ್ರ."

ಆಮೇಲೆ ಅವಳು ಚೀಲದಿಂದ ಪರೀಕ್ಷೆಯ ಫೋನನ್ನು ಹೊರತೆಗೆದಳು. ಅವತ್ತು ಕ್ಯಾಮೆರಾ ಮುಚ್ಚಿತ್ತು, ಬರೆದುಕೊಳ್ಳಲು ಏನೂ ಇರಲಿಲ್ಲ. ಶೀನಪ್ಪನವರ ಪಕ್ಕದಲ್ಲೇ ಬೆಂಚಿನಲ್ಲಿ ಕುಳಿತು, "ಇಲ್ಲಿ ಒತ್ತಿ. ಅದಲ್ಲ, ಅದರ ಮೇಲಿನದ್ದು. ಹಾಂ. ಈಗ ಎರಡು ಸಲ" ಎಂದು ತೋರಿಸುತ್ತಾ ಹೋದಳು. ಇಷ್ಟು ದಿನ ನುಂಗಿದ್ದೆಲ್ಲ ಹೊರಗೆ ಬಂದಂತಾಗಿ ಅವಳಿಗೆ ಎದೆ ಹಗುರಾಯಿತು. ಅದೇ ಮೂರು ಮಾತು, ಈ ಸಲ ಬೇಗ ಮುಗಿಯಿತು. ಕಾಂತಿ ಗೋಡೆಯ ಮೇಲಿನ ಅಬ್ಬಾಸರ ನಂಬರನ್ನು ಓದಿ ಹೇಳಿದರು. ಮೆಸೇಜು ಹೋಯಿತು.

ಮೂವರೂ ಕಾದರು. ಏನೂ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಶಿಫಾನಾ ಎದ್ದಾಗ ಶೀನಪ್ಪ ಅವಳನ್ನು ರಸ್ತೆಯವರೆಗೆ ಬಿಟ್ಟು, ಕೈಯೆತ್ತಿ ಬಸ್ಸು ನಿಲ್ಲಿಸಿದರು. ಡ್ರೈವರು ಅವರನ್ನು ನೋಡಿ ನಮಸ್ಕಾರ ಮಾಡಿದ.

ಮೆಸೇಜಿಗೆ ಉತ್ತರ ಬರದೇ ಇದ್ದದ್ದು ಯಾಕೆಂದು ಮರುದಿನ ಸಂಜೆ ತಿಳಿಯಿತು. ಪಾಣೆಮಂಗಳೂರಿನ ಪೇಟೆಯ ಚಪ್ಪಲಿ ಅಂಗಡಿಯೊಂದು ಶಿಫಾನಾ ಚಿಕ್ಕಂದಿನಿಂದ ನೋಡಿದ್ದೇ. ಕಂಡಕ್ಟರ್ ಕೆಲಸ ಬಿಟ್ಟ ಮೇಲೆ ಅಣ್ಣನ ಆ ಅಂಗಡಿಯಲ್ಲಿ ಅಬ್ಬಾಸ್ ಕೂರುತ್ತಿದ್ದರು. ಅಲ್ಲಿ ಕೂರುವವರೇ ಶೀನಪ್ಪನವರ ಕಂಡಕ್ಟರ್ ಎಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಹೋದಳು.

"ಅಬ್ಬಾಸಾಕ, ನಿನ್ನೆ ನಿಮಗೊಂದು ಮೆಸೇಜು ಬಂತಾ?"

ಅವರು ಹಳೆಯ ಫೋನು ತೆಗೆದು ತೋರಿಸಿದರು. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳ ಸಾಲು. ಬೇರೇನೂ ಇಲ್ಲ. "ಇದಾ? ಲಾಟರಿಯವರದ್ದೋ ಎಂತದ್ದೋ ಅಂತ ನಾನು ನೋಡ್ಲೇ ಇಲ್ಲ."

ಶಿಫಾನಾ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಕನ್ನಡದಲ್ಲಿ ಬರೆಯಬಲ್ಲ ಫೋನನ್ನು ಮಾಡಿದ್ದರು, ಬರೆಯಲು ಜನರಿಗೆ ಬರುತ್ತದೆಯೇ ಎಂದು ಊರೂರು ತಿರುಗಿ ನೋಡಿದ್ದರು. ಅದು ಹೋಗಿ ಸೇರುವ ಕಡೆ ಏನು ಕಾಣುತ್ತದೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಲ್ಲಿಯ ಫೋನಿಗೆ ಕನ್ನಡದ ಅಕ್ಷರಗಳೇ ತಿಳಿದಿರಲಿಲ್ಲ.

"ಅದು ಶೀನಪ್ಪಣ್ಣ ಕಳಿಸಿದ್ದು," ಎಂದಳು. "ಫೋನ್ ಮಾಡು, ನೀನು ಮಾತಾಡು, ನಾನು ಕೇಳ್ತೇನೆ ಅಂತ ಬರ್ದಿದ್ದಾರೆ."

ಅಬ್ಬಾಸ್ ಫೋನನ್ನು ಮತ್ತೊಮ್ಮೆ ನೋಡಿದರು, ಈಗಲಾದರೂ ಓದಲು ಬಂದೀತೇ ಎಂಬ ಹಾಗೆ. ಅಂಗಡಿಗೆ ಬಂದ ಹೆಂಗಸೊಬ್ಬರಿಗೆ, ಆ ಅಳತೆಯದ್ದು ಇಲ್ಲ, ನಾಡಿದ್ದು ಬನ್ನಿ ಎಂದು ಹೇಳಿ ಕಳಿಸಿದರು.

"ಆಸ್ಪತ್ರೆಯಲ್ಲಿ ಒಮ್ಮೆ ನೋಡಿದ್ದೆ ಮಗಳೇ. ಬಾಯಿ ಆಡಿಸಿದ, ಸ್ವರ ಬರ್ಲಿಲ್ಲ. ನಾನು ಹೊರಗೆ ಬಂದೆ. ಆಮೇಲೆ ಹೋಗ್ಲಿಕ್ಕೆ ಕಾಲು ಬರ್ಲಿಲ್ಲ. ಫೋನ್ ಮಾಡಿದೆ, ಕಾಂತಕ್ಕ ಮಲಗಿದ್ದಾರೆ ಅಂದ್ರು. ನಿಜ ಹೇಳ್ಬೇಕಾದ್ರೆ, ಹಾಗೆ ಅಂದಾಗ ನನಗೆ ಬಚಾವಾದ ಹಾಗೆ ಆಗ್ತಿತ್ತು." ಅವರು ಒಂದು ಚಪ್ಪಲಿಯ ಧೂಳು ಒರೆಸಿದರು. "ಅವನು ಸುಮ್ಮನಿದ್ರೆ ನಾನು ಎಂತ ಮಾತಾಡುವುದು? ಬಸ್ಸಿನಲ್ಲಿ ಮಾತಾಡ್ತಿದ್ದದ್ದೆಲ್ಲ ಅವನೇ."

ಧೈರ್ಯ ಹೇಳಬೇಕಿತ್ತು, ಹೇಗಾದರೂ ಒಪ್ಪಿಸಬೇಕಿತ್ತು. ಶಿಫಾನಾಳಲ್ಲಿ ಅಷ್ಟು ಮಾತು ಉಳಿದಿರಲಿಲ್ಲ. "ನನಗೂ ಗೊತ್ತಿಲ್ಲ ಅಬ್ಬಾಸಾಕ. ಅವರು ಬರ್ದದ್ದನ್ನು ಹೇಳಿದೆ, ಅಷ್ಟೇ," ಎಂದು ಎದ್ದು ಮನೆಗೆ ಹೋದಳು.

ರಂಜಿತ್ ಮುಖ ಕಾಣದ ಹಾಗೆ ಕತ್ತರಿಸಿದ ತುಣುಕು ಆ ಸೋಮವಾರ ಬೆಳಿಗ್ಗೆಯೇ ಬೆಂಗಳೂರಿಗೆ ಹೋಗಿತ್ತು. ಮುಖವಿದ್ದಿದ್ದರೆ ಇನ್ನೂ ನಾಟುತ್ತಿತ್ತು ಎಂದು ನಿಖಿತಾ ಬೇಸರಿಸಿದಳು. ಆದರೂ ಕೆಲಸವಾಯಿತು. ಬೆಂಚಿಗೆ ಕುಟ್ಟಿದ ಆ ಕೈ ಮೀಟಿಂಗಿನಲ್ಲಿದ್ದವರನ್ನು ಸುಮ್ಮನಾಗಿಸಿತಂತೆ. 'ಅಳಿಸು' ಹೋಗಿ 'ತೆಗೆದುಹಾಕು' ಬರುವುದೆಂದು ನಿರ್ಧಾರವಾಯಿತು. ಚೌಕಗಳ ವಿಷಯವನ್ನೂ ಶಿಫಾನಾ ಉದ್ದಕ್ಕೆ ಬರೆದು ಕಳಿಸಿದ್ದಳು. ಅದು ಬೇರೆ ಕಂಪೆನಿಗಳ ಫೋನಿನ ತೊಂದರೆ, ನಮ್ಮ ಕೈಯಲ್ಲಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು.

ಮಳೆಗಾಲ ಕಳೆದ ಮೇಲೆ ಫೋನು ಅಂಗಡಿಗೆ ಬಂತು. ಅಷ್ಟರಲ್ಲಿ ನಿಖಿತಾ ಬೇರೆ ಕಂಪೆನಿ ಸೇರಿದ್ದಳು. ಶಿಫಾನಾ ಈಗ ಕರೆಂಟು ಬಿಲ್ಲು ಕಟ್ಟುವ ಯಂತ್ರವೊಂದರ ಮುಂದೆ ಜನರನ್ನು ನಿಲ್ಲಿಸಿ ನೋಡುವ ಕೆಲಸದಲ್ಲಿದ್ದಳು. ಬೆಳ್ತಂಗಡಿಯಲ್ಲಿ ಒಂದು ದಿನ ಕಮಲಾಕ್ಷನ ಅಂಗಡಿಗೆ ಹೋಗಿ ಆ ಫೋನು ತೆಗೆಸಿ ನೋಡಿದಳು. ಪದ ಬದಲಾಗಿತ್ತು. ಆದರೆ ಉದ್ದದ ಪದ ಪುಟ್ಟ ಪರದೆಯಲ್ಲಿ ಹಿಡಿಸದೆ 'ತೆಗೆದುಹಾ' ಎಂದು ಮುರಿದು ನಿಂತಿತ್ತು.

"ಹೇಗುಂಟು?" ಎಂದ ಕಮಲಾಕ್ಷ.

"ಮೊದಲಿಗಿಂತ ಆಗಬಹುದು," ಎಂದಳು.

ಅಲ್ಲಿಂದ ಮನೆಗೆ ಹೋಗುವ ಬದಲು ವೇಣೂರಿನ ಬಸ್ಸು ಹತ್ತಿದಳು. ಯಾಕೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಾಂತಿ ಅವಳನ್ನು ಕಂಡವರೇ ಮೊರ ಬದಿಗಿಟ್ಟು ಎದ್ದರು.

"ಫೋನ್ ಬಂತು ಮಗಾ, ಗೊತ್ತುಂಟಾ? ನೀನು ಹೋಗಿ ಎಷ್ಟೋ ದಿನ ಆದ ಮೇಲೆ. ನಾನು ಏನೂ ಹೇಳದೆ ಇವರ ಕೈಗೆ ಕೊಟ್ಟೆ. ಅಬ್ಬಾಸರಿಗೆ ಮಾತೇ ಬರ್ಲಿಲ್ಲಂತೆ ಮೊದಲು. ಹಲೋ ಹಲೋ ಅಂತ ಮಾತ್ರ. ಆಮೇಲೆ ಎಂತ ಹೇಳುವುದು ಅಂತ ತಿಳಿಯದೆ ಸ್ಟಾಪು ಕೂಗಿದ್ರಂತೆ. ಮೂಡಬಿದ್ರೆ, ಅಲಂಗಾರು, ವೇಣೂರು, ಗುರುವಾಯನಕೆರೆ... ಬಸ್ಸಿನಲ್ಲಿ ಕೂಗುವ ಹಾಗೆಯೇ. ಇವರು ಇಲ್ಲಿ ಕೇಳ್ತಾ ಉಂಟು ಅಂತ ಫೋನಿಗೆ ಕುಟ್ಟಿದ್ರು."

"ಈಗಲೂ ಮಾಡ್ತಾರಾ?"

"ಮಾಡ್ತಾರೆ. ಈಗ ಬಾಯಿ ಬಿಟ್ಟಿದೆ, ನಿಲ್ಲಿಸುವುದೇ ಇಲ್ಲ. ಅಂಗಡಿಯಲ್ಲಿ ಯಾರು ಬಂದ್ರು, ಯಾರು ಚೌಕಾಸಿ ಮಾಡಿದ್ರು, ಸೇತುವೆಯ ಮೇಲೆ ಯಾವ ಲಾರಿ ಸಿಕ್ಕಿಬಿತ್ತು, ಎಲ್ಲ. ಆದರೆ ಇಲ್ಲಿಗೆ ಬಾ ಅಂತ ಇವರು ಕರೆಯುವುದಿಲ್ಲ, ಅವರು ಬರುವುದೂ ಇಲ್ಲ. ಇಬ್ಬರಿಗೂ ಅಷ್ಟೇ ಸಾಕು ಅಂತ ಕಾಣ್ತದೆ."

ಕನ್ನಡದ ಹೊಸ ಫೋನು ಅಂಗಡಿಗೆ ಬಂದಿದೆ, ಬೇಕಿದ್ದರೆ ಕಮಲಾಕ್ಷನ ಹತ್ತಿರ ಹೇಳಿ ಕಡಿಮೆಗೆ ಕೊಡಿಸುತ್ತೇನೆ ಎಂದು ಶಿಫಾನಾ ಹೇಳಿದಳು. ಶೀನಪ್ಪ ನಕ್ಕು ತಲೆ ಅಲ್ಲಾಡಿಸಿದರು. "ಬೇಡ ಅಂತೆ," ಎಂದರು ಕಾಂತಿ. ಹೇಳಿದ ಮೇಲೆ ಗಂಡನ ಮುಖ ನೋಡಿ, "ಹೌದಲ್ವಾ?" ಎಂದು ಕೇಳಿದರು. ಶೀನಪ್ಪ ಹೌದೆಂದರು.

ಊಟ ಮಾಡದೆ ಹೋಗಬಾರದೆಂದು ಇಬ್ಬರೂ ಪಟ್ಟು ಹಿಡಿದರು. ಬಸಳೆ ಸಾರು, ಕುಚ್ಚಲಕ್ಕಿ ಅನ್ನ. ಕೈ ತೊಳೆದು ಬಂದು ಶಿಫಾನಾ ಜಗಲಿಯ ಬೆಂಚಿನಲ್ಲಿ ಕುಳಿತಳು. ಬಿಸಿಲು ಅಂಗಳದಾಚೆ ಇತ್ತು. ಯಾರೂ ಅವಳನ್ನು ಏನೂ ಕೇಳಲಿಲ್ಲ, ಅವಳೂ ಯಾರನ್ನೂ ಗಮನಿಸಬೇಕಿರಲಿಲ್ಲ. ಗೋಡೆಗೆ ತಲೆ ಆನಿಸಿದ್ದಷ್ಟೇ ಗೊತ್ತು.

ಬಸ್ಸೊಂದು ಬಂದು ಹಾರ್ನ್ ಹೊಡೆಯಿತು. ಕಾಂತಿ ಅವಳನ್ನು ಎಬ್ಬಿಸಲು ಎದ್ದರು. ಶೀನಪ್ಪ ಬೇಡವೆಂದು ಕೈ ತೋರಿಸಿ, ಅಂಗಳದ ತುದಿಗೆ ಹೋಗಿ, ಬಸ್ಸಿಗೆ ಮುಂದೆ ಹೋಗೆಂದು ಸನ್ನೆ ಮಾಡಿದರು.